ಭೋಂಗಾದ ಬಾಯಿ ಯಾವ ಕಡೆ?

ಜಾತ್ರೆಯ ಬಯಲಿನಲ್ಲಿ ಕಂಬಕ್ಕೆ ಕಟ್ಟಿದ ಭೋಂಗಾದ, ಅಂದರೆ ಕೊಂಬಿನಾಕಾರದ ಧ್ವನಿವರ್ಧಕದ, ನೇರ ಎದುರಿಗೆ ನಿಂತವರಿಗೆ ಪುರಾಣ ಹೇಳುವವರ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ದನಿ ಇರುತ್ತದೆ, ಮಾತು ಕರಗಿರುತ್ತದೆ. ಆ, ಈ, ಊ ಉಳಿಯುತ್ತವೆ. ಸ, ಶ, ಚ, ತ ಮಾಯವಾಗುತ್ತವೆ. ಕಾಸು, ಕಾಚು, ಕಾತು ಎಲ್ಲವೂ ಒಂದೇ ಆಗಿ ಕಿವಿಗೆ ಬೀಳುತ್ತವೆ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಾಗಲಿ, ಬಂದೇ ನವಾಜರ ಉರುಸಾಗಲಿ, ಕಮಲಾಪುರದ ಕಡೆಯ ಯಾವುದೇ ಊರಹಬ್ಬವಾಗಲಿ, ಬದಿಗೆ ಕೂತವರು ಮೈಕಿನವನಿಗೆ ಕೂಗಿ ಹೇಳುವ ಮಾತು ಒಂದೇ: ‘ಏ ಯಣ್ಣಾ, ಭೋಂಗಾ ಜರಾ ಈ ಕಡಿ ಹೊಳ್ಳಸು.’

ದನಿಯನ್ನು ಜೋರು ಮಾಡುವುದನ್ನು ಜಗತ್ತು ಬೇಗ ಕಲಿತಿತು. ಅದನ್ನು ಎಲ್ಲರಿಗೂ ಸಮನಾಗಿ ಹಂಚುವುದನ್ನು ಕಲಿಯಲು ಮತ್ತೆ ಐವತ್ತು ವರ್ಷಗಳಾದರೂ ಬೇಕಾದವು. ಭೋಂಗಾದ ಬಾಯನ್ನು ಯಾವ ಕಡೆ ಹೊಳ್ಳಿಸಬೇಕು ಎಂಬ ಪ್ರಶ್ನೆ ಜಾತ್ರೆಯ ಕಂಬದ ಮೇಲೆ ಇದ್ದಂತೆಯೇ ಹಾಲಿವುಡ್‌ನ ಬೆಳ್ಳಿತೆರೆಯ ಹಿಂದೆಯೂ, ಅಮೆರಿಕದ ಪ್ರಯೋಗಾಲಯದಲ್ಲೂ ಇತ್ತು.

ಕಾರಣ ಗಾಳಿಯಲ್ಲಿದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗಂಡುದನಿಯ ದಪ್ಪ ಭಾಗ, ಅಂದರೆ 300 ಹರ್ಟ್ಸ್ ಸುತ್ತಿನ ಅಲೆ, ಒಂದು ಮೀಟರಿಗೂ ಉದ್ದ. ‘ಸ’ಕಾರದ ಸೀಳು ಇರುವ 5000 ಹರ್ಟ್ಸ್ ಅಲೆ ಹೆಚ್ಚೆಂದರೆ ಏಳು ಸೆಂಟಿಮೀಟರ್. ಒಂದೂವರೆ ಅಡಿ ಅಗಲದ ಬಾಯಿಯಿಂದ ಹೊರಟ ಉದ್ದದ ಅಲೆ ಅಂಚನ್ನು ಬಳಸಿಕೊಂಡು ಎಲ್ಲ ಕಡೆಗೂ ಹರಿಯುತ್ತದೆ. ಗಿಡ್ಡ ಅಲೆ ಬ್ಯಾಟರಿಯ ಬೆಳಕಿನಂತೆ ನೇರ ಮುಂದಕ್ಕೇ ಹೋಗುತ್ತದೆ. ಬಾಯಿ ಅಲೆಗಿಂತ ಎಷ್ಟು ದೊಡ್ಡದೋ ಕಿರಣ ಅಷ್ಟು ಸಣ್ಣ. ಸ್ವರ ಊರೆಲ್ಲ ತಿರುಗುತ್ತದೆ, ವ್ಯಂಜನ ಎದುರಿನವರಿಗೆ ಮಾತ್ರ ದಕ್ಕುತ್ತದೆ. ಆಂಪ್ಲಿಫೈಯರಿನ ಗುಂಡಿ ಎಷ್ಟು ತಿರುಗಿಸಿದರೂ ಇದು ಸರಿಯಾಗುವುದಿಲ್ಲ. ಎದುರಿಗಿದ್ದವರ ಕಿವಿ ಕಿತ್ತುಹೋಗುತ್ತದೆ, ಅಷ್ಟೆ.

ವಿದ್ಯುತ್ತು ಬರುವ ಮೊದಲೂ ಈ ನೆಲದಲ್ಲಿ ದೊಡ್ಡ ಜನಸಮೂಹಕ್ಕೆ ದನಿ ಮುಟ್ಟಿಸುವ ಕೆಲಸ ನಡೆದೇ ಇತ್ತು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾಹನ ಕಾಲದಲ್ಲಿ ಕಜ್ವೀನ್ ಮೂಲದ ರಫಿ ಕಟ್ಟಿದ್ದು. ಇದರ ಉದ್ದ 216 ಅಡಿ, ಅಗಲ 176 ಅಡಿ. ನಡುವೆ ಬಯಲು ಅಂಗಳ ಬಿಡದೆ ಇಡೀ ಕಟ್ಟಡಕ್ಕೆ ಚಾವಣಿ ಹೊದಿಸಿದ್ದು ಇದರ ವಿಶೇಷ. ಭಾರತದ ದೊಡ್ಡ ಮಸೀದಿಗಳಲ್ಲಿ ಇಂಥದ್ದು ಅಪರೂಪ. ಸಾಲುಸಾಲು ಕಮಾನು, ತಲೆಯ ಮೇಲೆ ಐದು ದೊಡ್ಡ ಮತ್ತು 75 ಸಣ್ಣ ಗುಮ್ಮಟ. ಇಂಥ ದೊಡ್ಡ ಜಮಾತುಗಳಲ್ಲಿ ಮುಂದೆ ನಿಂತ ಇಮಾಮರ ತಕ್ಬೀರ್ ಹಿಂದಿನ ಸಾಲಿಗೆ ಮುಟ್ಟಲೆಂದು ನಡುವೆ ನಿಂತು ಅದನ್ನು ಮತ್ತೆ ಗಟ್ಟಿಯಾಗಿ ಹೇಳುವ ಮುಕಬ್ಬಿರ್ ಇರುತ್ತಿದ್ದ. ಮೈಕು ಬರುವ ಎಷ್ಟೋ ಶತಮಾನ ಮೊದಲಿನ ಏರ್ಪಾಡು ಅದು: ಒಂದೇ ದನಿಯನ್ನು ದೊಡ್ಡದು ಮಾಡುವ ಬದಲು ದನಿಯ ನೆಲೆಗಳನ್ನು ಹೆಚ್ಚಿಸುವುದು.

ನೆರೆಯ ವಿಜಯಪುರದ ಗೋಳಗುಮ್ಮಟದಲ್ಲಿ ಇದರ ತದ್ವಿರುದ್ಧ ಗುಣವನ್ನು ಕಾಣಬಹುದು. 1656ರ ಹೊತ್ತಿಗೆ ಎದ್ದ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದರ ಒಳಗಿನ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮಾತು ಎದುರು ತುದಿಯಲ್ಲಿ ಕಿವಿಗೊಟ್ಟವರಿಗೆ ಕೇಳುತ್ತದೆ, ನಡುವಿನವರಿಗೆ ಕೇಳುವುದಿಲ್ಲ. ಒಳಬಾಗಿದ ಗೋಡೆ ದನಿಯನ್ನು ಚದುರಗೊಡದೆ ತನ್ನ ಮೈಗುಂಟ ಸಾಗಿಸುತ್ತದೆ. ಪ್ರವಾಸಿಗೆ ಇದು ಬೆರಗು. ಸಭೆಯಲ್ಲಿ ಕೂತವರಿಗೆ ಇಂಥ ಗೋಡೆ ಶತ್ರು. ಸಭೆಗೆ ಬೇಕಾದದ್ದು ದನಿಯನ್ನು ಹೊರಬಾಗಿಸಿ ಬಿಚ್ಚುವ ಮೇಲ್ಮೈ.

ದೊಡ್ಡಾಟ, ಸಣ್ಣಾಟ, ಪಾರಿಜಾತದಂಥ ಜನಪದ ಆಟಗಳಲ್ಲಿ ಸಭೆಗೆ ದನಿ ಮುಟ್ಟಿಸುವ ಕೆಲಸವನ್ನು ಗಂಟಲೇ ಮಾಡುತ್ತಿತ್ತು. ಏಣಗಿ ಬಾಳಪ್ಪನವರಂಥ (1914–2017) ಕಂಪನಿ ನಾಟಕದ ಕಲಾವಿದರು ಮೈಕಿಲ್ಲದ ರಂಗದ ಮೇಲೆ ಬೆಳೆದವರು. ತಗಡಿನ ಥೇಟರಿನ ಕೊನೆಯ ಸಾಲಿಗೆ ಪದ ಮುಟ್ಟಬೇಕಾದರೆ ಸುರುತಿ ಏರಿಸಿ, ಮುಖ ಸಭೆಯ ಕಡೆಗಿಟ್ಟು, ವ್ಯಂಜನಗಳನ್ನು ಒತ್ತಿ ಹಾಡಬೇಕು. ಮುಂದೆ ಮೈಕು ಬಂದಾಗ ರಂಗದ ಮೇಲಿನ ನಡೆಯೇ ಬದಲಾಯಿತು. ಮೇಲಿನಿಂದ ಇಳಿಬಿಟ್ಟ ಎರಡು ಮೂರು ಮೈಕುಗಳ ಕೆಳಗೆ ಬಂದು ನಿಂತು ಸಂಭಾಷಣೆ ಒಪ್ಪಿಸಿ ಹಿಂದೆ ಸರಿಯುವುದು ಕಂಪನಿ ನಾಟಕದ ಗುರುತಾಯಿತು. ನಟರ ಓಡಾಟವನ್ನು ತೂಗುವ ಮೈಕುಗಳು ಗೆರೆ ಹಾಕಿ ಕಟ್ಟಿದವು. ಈ ಬದಲಾವಣೆಯ ಬಗ್ಗೆ ನಮ್ಮ ರಂಗಚರಿತ್ರೆಗಳು ಇನ್ನಷ್ಟು ಬರೆಯಬೇಕಿತ್ತು.

ವಿದ್ಯುತ್ ಭೋಂಗಾದ ಹುಟ್ಟು ಅಮೆರಿಕದ ಪಶ್ಚಿಮ ತೀರದಲ್ಲಿ. ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ಗ್ರಾಮಫೋನಿನ ಕೊಂಬಿಗೆ ವಿದ್ಯುತ್ತಿನಿಂದ ನಡುಗುವ ಯುನಿಟ್ ಜೋಡಿಸಿ, ಅದಕ್ಕೆ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟರು. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಯ ಎದುರಿನ ಭಾರೀ ಜನಕ್ಕೆ ಕ್ರಿಸ್‌ಮಸ್ ಕಾರ್ಯಕ್ರಮ ಕೇಳಿಸಿದರು. 1919ರಲ್ಲಿ ಸ್ಯಾನ್ ಡಿಯಾಗೊದ ಕ್ರೀಡಾಂಗಣದಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಇದೇ ಉಪಕರಣದ ಮೂಲಕ ಸುಮಾರು 50,000 ಜನರನ್ನು ಉದ್ದೇಶಿಸಿ ಮಾತಾಡಿದರು. ನಂತರ ಇ. ಸಿ. ವೆಂಟ್, ಎ. ಎಲ್. ಥುರಾಸ್ ಎಂಬ ಬೆಲ್ ಲ್ಯಾಬ್ಸ್ ವಿಜ್ಞಾನಿಗಳು ತೆಳು ಲೋಹದ ಪೊರೆಯನ್ನು ಇಕ್ಕಟ್ಟಾದ ಗಾಳಿಗೂಡಿಗೆ ಎದುರಾಗಿಸಿ, ಅಲ್ಲಿ ಒತ್ತಡಕ್ಕೊಳಗಾದ ಗಾಳಿಯನ್ನು ಕೊಂಬಿನೊಳಕ್ಕೆ ನುಗ್ಗಿಸುವ ಯುನಿಟ್ ಮಾಡಿದರು. ವೆಸ್ಟರ್ನ್ ಎಲೆಕ್ಟ್ರಿಕ್ 555 ಎಂಬ ಆ ಯುನಿಟ್ 1926ರಲ್ಲಿ ವೈಟಾಫೋನ್ ಧ್ವನಿಚಿತ್ರಗಳ ಜೊತೆಗೆ ಚಿತ್ರಮಂದಿರ ಹೊಕ್ಕಿತು. ಆಗಿನ ವಾಲ್ವ್ ಆಂಪ್ಲಿಫೈಯರುಗಳ ಶಕ್ತಿ ಕೆಲವೇ ವ್ಯಾಟ್. ಅಷ್ಟರಲ್ಲೇ ಸಾವಿರ ಆಸನಗಳ ಮಂದಿರ ತುಂಬಬೇಕಿದ್ದರಿಂದ ಕೊಂಬಿಲ್ಲದೆ ಗತಿಯಿರಲಿಲ್ಲ.

ಅದಾಗಿ ಎರಡೇ ವರ್ಷಕ್ಕೆ, 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಅಧ್ಯಕ್ಷರು ಬಿ. ಎಂ. ಶ್ರೀಕಂಠಯ್ಯ. ಉರ್ದು ರಾಜಭಾಷೆಯಾಗಿದ್ದ ನಾಡಿನಲ್ಲಿ ಕನ್ನಡದ ದನಿ ಎತ್ತಿದ ಸಭೆ ಅದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಾಣಲು ಇನ್ನೂ ಆರು ವರ್ಷವಿತ್ತು.

ಭಾರತದ ಬಯಲುಸಭೆಗಳಿಗೆ ಭೋಂಗಾ ಬಂದ ದಾರಿ ಮುಂಬಯಿಯದು. ಸಿಂಧ್ ಮೂಲದ ಮೋಟ್ವಾನಿ ಕುಟುಂಬದ ಕಂಪನಿ ‘ಶಿಕಾಗೊ ರೇಡಿಯೊ’ ಎಂಬ ಹೆಸರಿನಲ್ಲಿ ವ್ಯಾಪಾರ ನಡೆಸುತ್ತಿತ್ತು. ಗಾಂಧೀಜಿ, ನೆಹರು, ಸುಭಾಷರ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ಆ ಹೆಸರಿನ ಫಲಕ ಎದ್ದು ಕಾಣುತ್ತದೆ. ಕಾಂಗ್ರೆಸ್ಸಿನ ಸಭೆಗಳಿಗೆ ಧ್ವನಿ ಏರ್ಪಾಡು ಒದಗಿಸುವ ಕೆಲಸವನ್ನು ನಾನಿಕ್ ಮೋಟ್ವಾನಿ ಸ್ವಾತಂತ್ರ್ಯದ ಸೇವೆಯೆಂದೇ ಮಾಡಿದರು. 1940ರಲ್ಲಿ ಶುರುವಾದ ದೆಹಲಿಯ ಅಹುಜಾ ಕಂಪನಿ ಮುಂದೆ ಹಳ್ಳಿಹಳ್ಳಿಯ ಮೈಕಿನ ಅಂಗಡಿಗೆ ಮುಟ್ಟಿತು. ಉತ್ತರ ಕರ್ನಾಟಕದ ಬೀದಿಯಲ್ಲಿ ಬೂದು ಬಣ್ಣದ ಭೋಂಗಾ ಎಂದರೆ ಜನರ ಕಣ್ಣಿಗೆ ಕಟ್ಟುವುದು ಅದೇ.

ಅದನ್ನು ಒಮ್ಮೆ ಬಿಚ್ಚಿ ನೋಡಬೇಕು. ಹೊರಗಿನದು ಅಲ್ಯೂಮಿನಿಯಂನ ಅಗಲ ಬಾಯಿ. ನಡುವೆ ಮುಂದಕ್ಕೆ ಚಾಚಿದ ಮೊಗ್ಗಿನಾಕಾರದ ತುಂಡು. ಹಿಂದೆ ತಿರುಪಿನಿಂದ ಕೂರುವ ಯುನಿಟ್. ಅದರೊಳಗೆ ಕಾಂತ, ತಂತಿ ಸುತ್ತಿದ ಸುರುಳಿ, ಅದಕ್ಕಂಟಿದ ಬೊಟ್ಟಿನಷ್ಟು ಹಗುರ ಡಯಾಫ್ರಾಂ. ಯುನಿಟ್ಟಿನಿಂದ ಹೊರಟ ದನಿ ಮೊದಲು ನಡುವಿನ ಕೊಳವೆಯಲ್ಲಿ ಮುಂದೆ ಬರುತ್ತದೆ, ಮೊಗ್ಗಿನ ಒಳಗೋಡೆಗೆ ತಾಗಿ ಹಿಂದಕ್ಕೆ ಹೊಳ್ಳುತ್ತದೆ, ಹಿಂಬದಿಯಲ್ಲಿ ಮತ್ತೆ ತಿರುಗಿ ಹೊರಬಾಯಿಯಿಂದ ಹೊರಡುತ್ತದೆ. ಉದ್ದನೆಯ ಕೊಂಬನ್ನು ಮೂರು ಮಡಿಕೆ ಮಾಡಿ ಒಂದು ಮೊಳದೊಳಗೆ ಅಡಗಿಸಿದ ಜಾಣ್ಮೆ ಇದು. ಮಳೆಯ ನೀರು ಯುನಿಟ್ಟಿಗೆ ನೇರ ಇಳಿಯದಿರುವುದು ಇದರಿಂದಾದ ಇನ್ನೊಂದು ಲಾಭ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬೆಲ್ ಮೀರುವಷ್ಟು ದನಿ ಇಂಥ ಭೋಂಗಾದಿಂದ ಬರುತ್ತದೆ. ಪೆಟ್ಟಿಗೆಯ ಸ್ಪೀಕರಿನಿಂದ ಅದೇ ಒಂದು ವ್ಯಾಟಿಗೆ 90ರ ಆಸುಪಾಸು. ಕರೆಂಟಿಲ್ಲದ ಊರಿನಲ್ಲಿ ಲಾರಿಯ ಬ್ಯಾಟರಿಯ ಮೇಲೆ ರಾತ್ರಿಯಿಡೀ ಭಜನೆ ನಡೆದದ್ದು ಈ ಅಂತರದ ಬಲದಿಂದ. ಕೊಡಬೇಕಾದ ಬೆಲೆ ಏನೆಂದರೆ 300 ಹರ್ಟ್ಸಿಗಿಂತ ಕೆಳಗೆ ದನಿ ಇಲ್ಲವೇ ಇಲ್ಲ. ತಬಲದ ಎಡಗೈ ಬರುವುದಿಲ್ಲ, ಹಾರ್ಮೋನಿಯಂ ಬರುತ್ತದೆ.

ಮೈಕಿನವರ ಕಸುಬಿನ ಜಾಣತನವೆಲ್ಲ ಕಟ್ಟುವುದರಲ್ಲಿ ಕಾಣುತ್ತದೆ. ಹೋಳಿ ಹುಣ್ಣಿಮೆಯ ಬಳಿಕದ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯುವಾಗ ಸೇರುವ ಜನಸಾಗರಕ್ಕೆ ಒಂದೇ ಕಡೆಯಿಂದ ಕೂಗಿದರೆ ಪ್ರಯೋಜನವಿಲ್ಲ. ಒಬ್ಬ ಕಂಬವೇರಿ ಕಟ್ಟುತ್ತಾನೆ, ಇನ್ನೊಬ್ಬ ದೂರ ನಡೆದು ನಿಂತು ಕೈ ಬೀಸುತ್ತಾನೆ: ಇನ್ನೂ ಎಡಕ್ಕೆ, ಸ್ವಲ್ಪ ಕೆಳಗೆ, ಸಾಕು. ಭೋಂಗಾವನ್ನು ದಿಗಂತಕ್ಕೆ ನೇರ ಇಟ್ಟರೆ ದನಿ ಜನರ ತಲೆಯ ಮೇಲೆ ಹಾರಿಹೋಗುತ್ತದೆ. ಹೀಗಾಗಿ ಕತ್ತು ತಗ್ಗಿಸಬೇಕು. ಎರಡು ಕಂಬಗಳ ಭೋಂಗಾ ಒಂದಕ್ಕೊಂದು ಎದುರುಬದುರು ಬರಬಾರದು. ನೂರು ಮೀಟರ್ ದಾಟಲು ದನಿಗೆ ಸುಮಾರು 0.3 ಸೆಕೆಂಡ್ ಬೇಕು. ಎದುರುಬದುರಾದರೆ ಹತ್ತಿರದ ಕಂಬದ ಮಾತು ಮುಗಿಯುವುದರೊಳಗೆ ದೂರದ ಕಂಬದ ಅದೇ ಮಾತು ಬಂದು ಮೇಲೆ ಬೀಳುತ್ತದೆ, ಕಳೆದುಹೋದ ಮಗುವಿನ ಹೆಸರು ಎರಡೆರಡಾಗಿ ಕಲಸಿ ಕೇಳುತ್ತದೆ. ಎಲ್ಲ ಭೋಂಗಾಗಳೂ ವೇದಿಕೆಗೆ ಬೆನ್ನು ಮಾಡಿ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಗೊಂದಲ ಕಡಿಮೆ. ವೇದಿಕೆಯ ಮೈಕಿಗೆ ಬೆನ್ನು ಇರುವುದರಿಂದ ‘ಕುಂಯ್’ ಎನ್ನುವ ಸೀಟಿಯೂ ನಿಲ್ಲುತ್ತದೆ.

ಕಲಬುರಗಿಯ ನೆಲ, ಗೋಡೆ, ಹವೆ ಮೂರೂ ಈ ಲೆಕ್ಕದಲ್ಲಿ ಪಾಲು ಕೇಳುತ್ತವೆ. ಇಲ್ಲಿನ ಮನೆಗಳಿಗೆ ಶಹಾಬಾದಿನ ಫರಸಿ. ನೆಲಕ್ಕೂ ಅದೇ, ಹಳೆಯ ಮನೆಗಳ ಗೋಡೆಗೂ ಕಲ್ಲೇ. ಗಟ್ಟಿಕಲ್ಲು ದನಿಯನ್ನು ಕುಡಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ ತಿರುಗಿಸಿ ಕಳಿಸುತ್ತದೆ. ಖೂಬಾ ಪ್ಲಾಟ್‌ನಂಥ ಮನೆಗಳ ಬಡಾವಣೆಯ ಬೀದಿಯಲ್ಲಿ ಮದುವೆಯ ಭೋಂಗಾವನ್ನು ಓಣಿಯುದ್ದಕ್ಕೆ ಮುಖ ಮಾಡಿ ಕಟ್ಟುವುದಕ್ಕೂ, ಎದುರುಗೋಡೆಗೆ ಮುಖ ಮಾಡಿ ಕಟ್ಟುವುದಕ್ಕೂ ಭಾರೀ ವ್ಯತ್ಯಾಸ. ಮೊದಲನೆಯದರಲ್ಲಿ ಹಾಡು ಕೇಳುತ್ತದೆ, ಎರಡನೆಯದರಲ್ಲಿ ಗದ್ದಲ.

ಹವೆಯದು ಇನ್ನೂ ಸ್ವಾರಸ್ಯದ ಕತೆ. ಗಾಳಿ ಬಿಸಿಯಾದಷ್ಟು ದನಿಯ ವೇಗ ಹೆಚ್ಚುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಚೈತ್ರ ವೈಶಾಖದ ಮಧ್ಯಾಹ್ನ ಇಲ್ಲಿ 40 ಡಿಗ್ರಿ ದಾಟುತ್ತದೆ. ಆಗ ನೆಲಕ್ಕೆ ಹತ್ತಿದ ಗಾಳಿ ಮೇಲಿನದಕ್ಕಿಂತ ಬಿಸಿ. ದನಿಯ ಅಲೆಯ ಬುಡ ಬೇಗ ಓಡುತ್ತದೆ, ತುದಿ ಹಿಂದುಳಿಯುತ್ತದೆ, ಇಡೀ ಅಲೆ ಆಕಾಶದ ಕಡೆಗೆ ಬಾಗುತ್ತದೆ. ದೂರದವರಿಗೆ ಏನೂ ಕೇಳದು. ರಾತ್ರಿ ಕರಿಮಣ್ಣಿನ ಬಯಲು ಬೇಗ ತಣಿದು, ಮೇಲಿನ ಗಾಳಿ ಬೆಚ್ಚಗೆ ಉಳಿದಾಗ ಲೆಕ್ಕ ತಲೆಕೆಳಗು: ದನಿ ನೆಲದತ್ತ ಬಾಗಿ ಬರುತ್ತದೆ. ಬೆಳಗಿನ ಜಾವ ಪಕ್ಕದೂರಿನ ಬಯಲಾಟದ ಪದ ಮನೆಯ ಮಾಳಿಗೆಯ ಮೇಲೆ ಮಲಗಿದವರಿಗೆ ಸ್ಪಷ್ಟವಾಗಿ ಕೇಳುವುದು ಹೀಗೆ. ವೇಗದ ವ್ಯತ್ಯಾಸದಿಂದ ದನಿ ಬಾಗುತ್ತದೆ ಎಂಬ ಈ ತತ್ತ್ವವನ್ನೇ ಒಂದು ಉಪಕರಣವಾಗಿ ಮಾಡಿದರೆ? ಎಂಜಿನಿಯರುಗಳು ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು.

ಅವರಿಗೆ ಅದರ ಜರೂರು ಬಿದ್ದದ್ದು ಚಿತ್ರಮಂದಿರದಲ್ಲಿ. ನಡುವಿನ ಸಾಲಿನವರಿಗೆ ನಟಿಯ ಮಾತು ಚಾಕುವಿನಷ್ಟು ಚೂಪು, ಬದಿಯವರಿಗೆ ಮಂದ. 1936ರ ಸುಮಾರಿಗೆ ಎಂಜಿಎಂ ಸ್ಟುಡಿಯೊದ ಡಗ್ಲಸ್ ಶಿಯರರ್ ನೇತೃತ್ವದಲ್ಲಿ ಜಾನ್ ಹಿಲಿಯರ್ಡ್, ಜೇಮ್ಸ್ ಲ್ಯಾನ್ಸಿಂಗ್ ಮೊದಲಾದವರು ಕೂಡಿ ಮಾಡಿದ ‘ಶಿಯರರ್ ಹಾರ್ನ್’ ಇದಕ್ಕೊಂದು ಉಪಾಯ ಕಂಡುಕೊಂಡಿತು. ದೊಡ್ಡ ಬಾಯಿಯನ್ನು ಹಲವು ಸಣ್ಣ ಬಾಯಿಗಳಾಗಿ ಸೀಳಿ, ಒಂದೊಂದನ್ನೂ ತುಸು ಬೇರೆ ದಿಕ್ಕಿಗೆ ಹೊಳ್ಳಿಸುವುದು. ಜಾತ್ರೆಯ ಕಂಬಕ್ಕೆ ನಾಲ್ಕು ಭೋಂಗಾ ನಾಲ್ಕು ಕಡೆಗೆ ಕಟ್ಟುವವನ ತಂತ್ರವೂ ಇದೇ. ಅಮೆರಿಕದಲ್ಲಿ ಅದನ್ನು ಒಂದೇ ಗೂಡಿನಲ್ಲಿ ಕೂಡಿಸಿದ್ದರು. ಆದರೆ ಎತ್ತರದ ದನಿಗೆ ಒಂದೊಂದು ಕೋಣೆಯೂ ಪ್ರತ್ಯೇಕ ಕಿರಣ ಬಿಡುತ್ತಿತ್ತು. ಕಿರಣಗಳ ನಡುವೆ ಕೂತವರಿಗೆ ಮತ್ತೆ ಸಂದು.

ಇನ್ನೊಂದು ದಾರಿ ಬೆಲ್ ಲ್ಯಾಬ್ಸ್‌ನಲ್ಲಿ ತೆರೆಯಿತು. ವಿನ್‌ಸ್ಟನ್ ಕಾಕ್ ಅಲ್ಲಿ ಸೂಕ್ಷ್ಮತರಂಗಗಳನ್ನು ಲೋಹದ ಮಸೂರದಿಂದ ಬಾಗಿಸುವ ಕೆಲಸದಲ್ಲಿದ್ದವರು. ಅದೇ ಬಗೆಯ ರಚನೆ ಧ್ವನಿಗೂ ಒದಗುತ್ತದೆ ಎಂದು ಎಫ್. ಕೆ. ಹಾರ್ವಿ ಜೊತೆ ಸೇರಿ ತೋರಿಸಿ, 1949ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಕಲಬುರಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಾಹಿತ್ಯ ಸಮ್ಮೇಳನ. ನಿಜಾಮರ ಆಳ್ವಿಕೆ ಮುಗಿದದ್ದು ಅದರ ಹಿಂದಿನ ವರ್ಷವಷ್ಟೇ. ಅದೇ ವರ್ಷ ಜೇಮ್ಸ್ ಲ್ಯಾನ್ಸಿಂಗ್ ತೀರಿಕೊಂಡರು. ಅವರು 1946ರಲ್ಲಿ ಕಟ್ಟಿದ ಕಂಪನಿ ಜೆಬಿಎಲ್. ಕಾಕ್ ಅವರ ಮಸೂರವನ್ನು ಕಾಗದದಿಂದ ಅಂಗಡಿಗೆ ತಂದದ್ದು ಅದೇ ಕಂಪನಿ, 1950ರ ದಶಕದಲ್ಲಿ, ಬಾರ್ಟ್ ಲೊಕಾಂತಿ ಎಂಬ ಎಂಜಿನಿಯರ ಕೈಯಿಂದ.

ಧ್ವನಿಮಸೂರದ ಗುಟ್ಟು ಸರಳ. ಕೊಂಬಿನ ಬಾಯಿಯ ಮುಂದೆ ತೆಳು ಲೋಹದ ತಗಡುಗಳನ್ನು ಒಂದರ ಮೇಲೊಂದು, ನಡುವೆ ಸಂದು ಬಿಟ್ಟು, ಓರೆಯಾಗಿ ಜೋಡಿಸುತ್ತಾರೆ. ನೇರ ಮುಂದೆ ಹೋಗಬೇಕಿದ್ದ ದನಿ ಈಗ ಆ ಇಳಿಜಾರಿನಲ್ಲೇ ಸಾಗಬೇಕು. 45 ಡಿಗ್ರಿ ಓರೆಯಿದ್ದರೆ ದಾರಿ 1.41 ಪಟ್ಟು ಉದ್ದ. ಇನ್ನು ಆ ತಗಡುಗಳನ್ನು ನಡುವೆ ಕಡಿಮೆ ಆಳ, ಎರಡೂ ಅಂಚಿಗೆ ಹೆಚ್ಚು ಆಳ ಬರುವಂತೆ ಕತ್ತರಿಸಿದರೆ ನಡುವಿನ ದನಿ ಬೇಗ ಹೊರಬೀಳುತ್ತದೆ, ಅಂಚಿನದು ತಡವಾಗುತ್ತದೆ. ಚಪ್ಪಟೆಯಾಗಿ ಬಂದ ಅಲೆ ಹೊಟ್ಟೆ ಉಬ್ಬಿಸಿಕೊಂಡು ಎರಡೂ ಬದಿಗೆ ಬಿಚ್ಚಿಕೊಳ್ಳುತ್ತದೆ. ಒಂದು ವ್ಯಾಟ್ ಶಕ್ತಿಯೂ ಹೆಚ್ಚಿಗೆ ಬೇಕಿಲ್ಲ. ತಗಡುಗಳ ನಡುವಿನ ಸಂದು ಅಲೆಯ ಅರ್ಧ ಉದ್ದಕ್ಕಿಂತ ಕಡಿಮೆಯಿರಬೇಕು ಎಂಬುದೊಂದೇ ಕಟ್ಟಳೆ. 10,000 ಹರ್ಟ್ಸಿಗೆ ಅದು 1.7 ಸೆಂಟಿಮೀಟರ್. ಇನ್ನೊಂದು ಬಗೆಯಲ್ಲಿ ತೂತು ಕೊರೆದ ದುಂಡು ತಗಡುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ತೂತುಗಳ ಮೂಲಕ ನುಸುಳುವ ದನಿ ನಿಧಾನವಾಗುತ್ತದೆ, ಫಲ ಅದೇ.

ದಿಕ್ಕಿನ ಪ್ರಶ್ನೆ ಇಲ್ಲಿ ಮತ್ತೆ ಎದ್ದು ಬರುತ್ತದೆ. ದುಂಡು ಮಸೂರವನ್ನು ಹೇಗೆ ತಿರುಗಿಸಿ ಕೂರಿಸಿದರೂ ಒಂದೇ, ದನಿ ಸುತ್ತಲೂ ಸಮನಾಗಿ ಬಿಚ್ಚುತ್ತದೆ. ಓರೆತಗಡಿನದು ಹಾಗಲ್ಲ. ತಗಡುಗಳು ಅಡ್ಡಲಾಗಿದ್ದಾಗ ದನಿ ಎಡಬಲಕ್ಕೆ ಹರಡುತ್ತದೆ, ಮೇಲೆ ಕೆಳಗೆ ಹೆಚ್ಚು ಹರಡುವುದಿಲ್ಲ. ಸಭೆಗೆ ಬೇಕಾದದ್ದು ಇದೇ: ಜನ ಅಗಲಕ್ಕೆ ಕೂತಿರುತ್ತಾರೆ, ಚಾವಣಿಯಲ್ಲಿ ಯಾರೂ ಕೂತಿರುವುದಿಲ್ಲ. ಅದೇ ಮಸೂರವನ್ನು 90 ಡಿಗ್ರಿ ತಿರುಗಿಸಿ ತಗಡುಗಳನ್ನು ನೆಟ್ಟಗೆ ನಿಲ್ಲಿಸಿದರೆ ಬದಿಯ ಕುರ್ಚಿಯವರಿಗೆ ಸಿಗಬೇಕಾದ ‘ಸ’ಕಾರ ಚಾವಣಿಗೂ ನೆಲಕ್ಕೂ ಬಡಿದು, ಪ್ರತಿಧ್ವನಿಯಾಗಿ ತಡವಾಗಿ ಬರುತ್ತದೆ. ಸ್ಟುಡಿಯೊದಲ್ಲಿ ಜಾಗವಿಲ್ಲವೆಂದು ನಿಲ್ಲುವ ಪೆಟ್ಟಿಗೆಯನ್ನು ಅಡ್ಡ ಮಲಗಿಸುವ ರೂಢಿಯಿದ್ದುದರಿಂದ, 1970ರ ದಶಕದ ಜೆಬಿಎಲ್ 4343 ಮಾದರಿಯಲ್ಲಿ ಮಸೂರವಿರುವ ಮೇಲಿನ ಹಲಗೆಯನ್ನು ಬಿಚ್ಚಿ ತಿರುಗಿಸಿ ಕೂರಿಸುವ ಅನುಕೂಲ ಮಾಡಿದ್ದರು. ಹಳೆಯ ಪೆಟ್ಟಿಗೆ ಕೊಂಡವರು ಇದನ್ನರಿಯದೆ, ನೋಡಲು ಚೆಂದವೆಂದು ತಗಡನ್ನು ಬೇಕಾದ ಹಾಗೆ ಕೂರಿಸಿದರೆ ಕಿವಿಗೆ ಮೋಸವಾಗುತ್ತದೆ.

ಇದೇ ಕಾಲದ ಇನ್ನೊಂದು ಕೊಂಬು ಕಣ್ಣಿಗೇ ಮೋಸ ಮಾಡುವಂಥದು. ಎಲೆಕ್ಟ್ರೋವಾಯ್ಸ್ ಕಂಪನಿಯ ಸೀಳುಬಾಯಿಯ ಹಾರ್ನುಗಳು ಉದ್ದಕ್ಕೆ ಹೆಚ್ಚು, ಅಗಲಕ್ಕೆ ಬಲು ಕಡಿಮೆ. ಅಗಲಕ್ಕೆ ದನಿ ಹರಡಬೇಕೆಂದರೆ ಅಗಲವಾದ ಬದಿಯನ್ನು ಅಡ್ಡಲಾಗಿ ಇಡಬೇಕು ಎಂದು ಯಾರಿಗಾದರೂ ತೋರುತ್ತದೆ. ನಿಜ ಅದರ ವಿರುದ್ಧ. ಸಣ್ಣ ಸೀಳಿನಿಂದ ಹೊರಬಂದ ಅಲೆ ಸೀಳಿನ ಇಕ್ಕಟ್ಟಾದ ದಿಕ್ಕಿಗೇ ಹೆಚ್ಚು ಬಿಚ್ಚುತ್ತದೆ. ಆದ್ದರಿಂದ ಅದನ್ನು ಕಿಟಕಿಯ ಸಂದಿಯಂತೆ ನೆಟ್ಟಗೆ ನಿಲ್ಲಿಸಬೇಕು. ಆಯತದ ಬಾಯಿಯ ಭೋಂಗಾ ಕಂಡಾಗ ಅದರ ಒಳಗೋಡೆ ಅಗಲವಾಗುತ್ತ ಬಂದಿದೆಯೋ, ಸೀಳಾಗಿಯೇ ಮುಗಿದಿದೆಯೋ ಎಂದು ನೋಡಿ ಕಟ್ಟಬೇಕಾದ ಕಾರಣ ಇದು. ಗೋಡೆ ಅಗಲವಾಗಿ ತೆರೆದಿದ್ದರೆ ಅಡ್ಡ, ಸೀಳಾಗಿದ್ದರೆ ನೆಟ್ಟಗೆ.

ಧ್ವನಿಮಸೂರಕ್ಕೆ ತನ್ನದೇ ಕೊರತೆಗಳಿದ್ದವು. ತಗಡು ತಾನೂ ನಡುಗಿ ಸದ್ದು ಮಾಡುತ್ತಿತ್ತು, ಒಂದಷ್ಟು ದನಿ ಕೊಂಬಿನೊಳಕ್ಕೆ ವಾಪಸು ಹೋಗುತ್ತಿತ್ತು, ತೀರಾ ಎತ್ತರದ ಸ್ವರ ಸವೆಯುತ್ತಿತ್ತು. 1975ರಲ್ಲಿ ಎಲೆಕ್ಟ್ರೋವಾಯ್ಸ್‌ನ ಡಾನ್ ಕೀಲೆ ಕೊಂಬಿನ ಗೋಡೆಯ ಆಕಾರದಿಂದಲೇ ಎಲ್ಲ ಸ್ವರಗಳನ್ನೂ ಒಂದೇ ಕೋನದಲ್ಲಿ ಹರಡಿಸುವ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಆಲ್ಟೆಕ್‌ನ ಮಾಂಟಾರೇ, ಜೆಬಿಎಲ್‌ನ ಬೈ-ರೇಡಿಯಲ್ ಬಂದವು. ಕೊಂಬಿನ ಮುಂದಿನ ತಗಡುಗಳು ಒಂದೊಂದಾಗಿ ಮರೆಯಾದವು. ಮಸೂರದ ಮೂಲ ವಿಚಾರ ಮಾತ್ರ ಸಾಯಲಿಲ್ಲ. 1992ರಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ಹೈಲ್ ಮತ್ತು ಮಾರ್ಸೆಲ್ ಅರ್ಬನ್ ಮಂಡಿಸಿದ ಲೈನ್ ಅರೇ ಪದ್ಧತಿಯಲ್ಲಿ ಅದು ಇನ್ನೊಂದು ರೂಪ ತಾಳಿತು: ಯುನಿಟ್ಟಿನ ದನಿಯ ದಾರಿಗಳನ್ನು ಸರಿದೂಗಿಸಿ, ದುಂಡನೆಯ ಅಲೆಯನ್ನು ಚಪ್ಪಟೆ ಪಟ್ಟಿಯಾಗಿಸಿ, ಪೆಟ್ಟಿಗೆಗಳನ್ನು ಒಂದರ ಕೆಳಗೊಂದು ನೇತುಹಾಕುವುದು. ಇಂದಿನ ದೊಡ್ಡ ವೇದಿಕೆಗಳ ಎರಡೂ ಬದಿಗೆ ಬಾಗಿ ತೂಗುವ ಕರಿಪೆಟ್ಟಿಗೆಗಳ ಸಾಲು ಅದೇ. ಅಗಲಕ್ಕೆ ಹರಡಬೇಕು, ಮೇಲಕ್ಕೆ ಹಾರಬಾರದು, ಗುರಿ ಬದಲಾಗಿಲ್ಲ.

ಕಲಬುರಗಿಯಲ್ಲಿ 1987ರಲ್ಲಿ ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ, 2020ರ ಫೆಬ್ರವರಿಯಲ್ಲಿ ಎಚ್. ಎಸ್. ವೆಂಕಟೇಶಮೂರ್ತಿ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನಗಳು ನಡೆದವು. ಆ ಎರಡರ ನಡುವೆ ಭೋಂಗಾದ ಭಾಗ್ಯ ಬದಲಾಗಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಲ್ಲಿಸಿದವು. ಹಬ್ಬ ಉತ್ಸವಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಸಿಕ್ಕಿತು. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ರಾತ್ರಿಯ ನಿರ್ಬಂಧವನ್ನು ಗಟ್ಟಿ ಮಾಡಿತು. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪರವಾನಗಿ ಕಡ್ಡಾಯವೆಂದು ಮತ್ತೆ ಆದೇಶ ಹೊರಡಿಸಿತು. ಮಂದಿರ, ಮಸೀದಿ, ಮದುವೆಮನೆ ಎಲ್ಲಕ್ಕೂ ಅದು ಅನ್ವಯ.

2000ದ ನಿಯಮಗಳ ಒಂದು ಸಾಲು ಮೈಕಿನವರ ಹಳೆಯ ವಿದ್ಯೆಗೆ ಹೊಸ ಬೆಲೆ ತಂದಿದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅಳೆದಾಗ ದನಿ ಸುತ್ತಲಿನ ಸದ್ದಿನ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಳತೆ ಭೋಂಗಾದ ಬಾಯಲ್ಲಿ ಅಲ್ಲ, ಗಡಿಯಲ್ಲಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದೇ ದೊಡ್ಡ ಭೋಂಗಾವನ್ನು ಎತ್ತರಕ್ಕೆ ಕಟ್ಟಿ ಊರ ಕಡೆಗೆ ಹೊಳ್ಳಿಸಿದವನು ಗಡಿಯಲ್ಲಿ ಸಿಕ್ಕಿಬೀಳುತ್ತಾನೆ. ಅಷ್ಟೇ ಶಕ್ತಿಯನ್ನು ನಾಲ್ಕೈದು ಸಣ್ಣ ಭೋಂಗಾಗಳಿಗೆ ಹಂಚಿ, ಕತ್ತು ತಗ್ಗಿಸಿ, ಬಾಯನ್ನು ಬಯಲಿನ ಒಳಕ್ಕೆ ತಿರುಗಿಸಿ ಕಟ್ಟಿದವನ ಸಭೆಯಲ್ಲಿ ಕೊನೆಯ ಸಾಲಿನ ಮುದುಕಿಗೂ ಮಾತು ತಿಳಿಯುತ್ತದೆ, ಗಡಿಯಾಚೆಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಗೂ ಪುಸ್ತಕದ ಸಾಲು ತಪ್ಪುವುದಿಲ್ಲ. ಪರವಾನಗಿ ಅರ್ಜಿಯಲ್ಲಿ ಭೋಂಗಾ ಎಷ್ಟು ಎಂದು ಕೇಳುವ ಜೊತೆಗೆ, ಯಾವ ಕಂಬದ ಮೇಲೆ ಯಾವ ದಿಕ್ಕಿಗೆ ಎಂಬ ಒಂದು ನಕಾಶೆಯನ್ನೂ ಕೇಳುವಂತಾಗಬೇಕು.